ಮತ್ತು ಇತರರು

ನಮ್ಮ ಕಿಜಿಲ್ ಬುಲಾಕ್ ಊರಿನ ಜೋಲ್ಚು ವಕೀಲರ ಮೆಟ್ಟಿಲು ಹತ್ತಿದ್ದು ಎರಡೇ ಎರಡು ಪದಗಳಿಗಾಗಿ. ಹುಲ್ಲುಗಾವಲಿನ ಗಡಿಗಾಗಿ ಹತ್ತಿದವರನ್ನು ಕಂಡಿದ್ದೇನೆ. ಒಂದು ಕುದುರೆಗಾಗಿ ಹತ್ತಿ, ಇಳಿಯುವಷ್ಟರಲ್ಲಿ ಜೀನನ್ನೂ ಕಳೆದುಕೊಂಡವನು ನನ್ನ ಸ್ವಂತ ಭಾವಮೈದುನನೇ. ಆದರೆ ಪದಗಳಿಗಾಗಿ ಹತ್ತಿದವನು, ನನಗೆ ತಿಳಿದ ಮಟ್ಟಿಗೆ, ನಮ್ಮ ಕಿರ್ಗಿಜ್ ನಾಡಿನ ಇಸಿಕ್ ಕುಲ್ ಸರೋವರದ ಸುತ್ತಮುತ್ತ ಜೋಲ್ಚು ಒಬ್ಬನೇ.

ಜೋಲ್ಚು ಮತ್ತು ಕಾಚ್‌ಕಿನ್ ಇಪ್ಪತ್ತಾರು ವರ್ಷಗಳಿಂದ ಜೊತೆಯಾಗಿ ಯೂರ್ಟ್ ಕಟ್ಟುತ್ತಿದ್ದರು. ಯೂರ್ಟ್ ಎಂಬುದು ದುಂಡನೆಯ ಕಂಬಳಿ ಮನೆ. ಅದರ ನೆತ್ತಿಯ ಚಕ್ರ ಮಾಡುವವನು ಕಾಚ್‌ಕಿನ್. ಆ ಚಕ್ರಕ್ಕೆ ಸುತ್ತಲಿನಿಂದ ಬಂದು ಸೇರುವ ಬಾಗಿದ ಗಳಗಳನ್ನು ಮಾಡುವವನು ಜೋಲ್ಚು. ಚಕ್ರವಿಲ್ಲದೆ ಗಳ ನಿಲ್ಲುವುದಿಲ್ಲ, ಗಳವಿಲ್ಲದೆ ಚಕ್ರ ಮೇಲೇರುವುದಿಲ್ಲ. ಇಬ್ಬರ ಹೆಂಡತಿಯರು ಅಂಗಳದಲ್ಲಿ ಉಣ್ಣೆ ಬಡಿದು ಕಂಬಳಿ ಮಾಡುತ್ತಿದ್ದರು. ಎಲ್ಲವೂ ಸುಸೂತ್ರವಾಗಿತ್ತು, ಕಾಚ್‌ಕಿನ್ ರಸ್ತೆಬದಿಗೆ ಒಂದು ಬೋರ್ಡು ಹಾಕಿಸುವವರೆಗೆ.

ಬೋರ್ಡು ಭರ್ಜರಿಯಾಗಿತ್ತು. ನಮ್ಮ ಬಸ್‌ಸ್ಟ್ಯಾಂಡಿನ ಮೇಲೆ ಹದ್ದು ಬರೆದಿದ್ದ ಪೇಂಟರನೇ ಬಂದು ಬರೆದದ್ದು. ಎಡಗಡೆ ಬಿಳಿ ಕಂಬಳಿ ಟೋಪಿ ತೊಟ್ಟ ಕಾಚ್‌ಕಿನ್, ಅವನ ಹಿಂದೆ ಹಿಮದ ಬೆಟ್ಟ, ಬೆಟ್ಟದ ಬುಡದಲ್ಲಿ ಇರುವೆಯಷ್ಟು ದೊಡ್ಡ ಒಬ್ಬ ಮನುಷ್ಯ, ಅವನ ಹೆಗಲ ಮೇಲೊಂದು ಕಡ್ಡಿ. ಬಲಗಡೆ ದಪ್ಪಕ್ಷರದಲ್ಲಿ: ‘ಯೂರ್ಟ್ ನಿಪುಣ ಕಾಚ್‌ಕಿನ್ ಮತ್ತು ಇತರರು’.

ಜೋಲ್ಚು ಬೋರ್ಡಿನ ಮುಂದೆ ಒಂದು ಗಂಟೆ ನಿಂತಿದ್ದ.

"ಇತರರು ಅಂದ್ರೆ ಯಾರು?" ಎಂದು ಮನೆಗೆ ಹೋಗಿ ಹೆಂಡತಿ ಉಮ್ಸುನಳನ್ನು ಕೇಳಿದ.

"ನಾನೂ ಇದ್ದೀನಿ, ನೀನೂ ಇದ್ದೀಯ, ಅವನ ಹೆಂಡತಿ ಸೆಯ್ಲಿಕನ್ನೂ ಇದ್ದಾಳೆ. ನನಗೇನೂ ಬೇಜಾರಿಲ್ಲಪ್ಪ," ಎಂದಳು ಆಕೆ, ಉಣ್ಣೆ ಬಡಿಯುವ ಕೋಲು ನಿಲ್ಲಿಸದೆ.

"ಆ ಕಡ್ಡಿ ಹೊತ್ತವನು ಯಾರು?"

"ದನ ಕಾಯೋನಿರಬೇಕು."

"ದನ ಎಲ್ಲಿವೆ?"

"ಬೆಟ್ಟದ ಹಿಂದೆ ಇರ್ತಾವೆ. ಸುಮ್ನೆ ಹೋಗಿ ಗಳ ಕೆತ್ತು."

ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಎರಡು ದಿನಗಳ ನಂತರ ಒಂದು ಪ್ರವಾಸಿ ವ್ಯಾನು ಬಂದು ನಿಂತಿತು. ಕಿಟಕಿಯಿಂದ ಗೈಡು ತಲೆ ಹೊರಹಾಕಿ ಬೋರ್ಡು ನೋಡಿದ, ಆಮೇಲೆ ಜೋಲ್ಚುವನ್ನು ನೋಡಿದ.

"ತಾವೇನಾ ಕಾಚ್‌ಕಿನ್?"

"ಅಲ್ಲ."

"ಓಹೋ, ಹಾಗಾದ್ರೆ ಇತರರು! ಸ್ವಾಮಿ ಇತರರೇ, ಇಲ್ಲಿ ಕಕ್ಕಸು ಎಲ್ಲಿದೆ?"

ಆ ಹೊತ್ತಿಗೆ ರಸ್ತೆಯ ಆಚೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ನಮ್ಮೂರಿನಲ್ಲಿ ನಾಲ್ಕು ಜನ ಕೇಳಿಸಿಕೊಂಡದ್ದು ನಾನೂರು ಜನಕ್ಕೆ ತಲುಪಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು. ಮರುದಿನದಿಂದ ಜೋಲ್ಚು ಜೋಲ್ಚುವಾಗಿ ಉಳಿಯಲಿಲ್ಲ. "ಏನ್ ಇತರರೇ, ಆರಾಮಾ?" "ಇತರರು ಇವತ್ತು ಬ್ರೆಡ್ ತಗೊಳ್ಳಲ್ವಾ?" ಮಸೀದಿಯ ಹತ್ತಿರ ಒಬ್ಬ ಮುದುಕ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಅದೇ ಅವನ ಹೆಸರೆಂದು ತಿಳಿದು, "ದೇವರು ನಿನಗೆ ಆಯುಸ್ಸು ಕೊಡಲಿ, ಇತರರಪ್ಪ" ಎಂದು ಹರಸಿದನಂತೆ.

ಜೋಲ್ಚು ಗಳ ಕೆತ್ತುವುದನ್ನು ನಿಲ್ಲಿಸಿದ. ಸೊಂಟ ನೋವು ಎಂದ. ಶುಕ್ರವಾರ ಒಗೆದ ಅಂಗಿ ತೊಟ್ಟು, ಯಾರಿಗೂ ಹೇಳದೆ, ಕರಾಕೋಲ್ ಪಟ್ಟಣದ ವ್ಯಾನು ಹತ್ತಿದ.

ಅವನ ಉದ್ದೇಶ ದೊಡ್ಡದೇನಾಗಿರಲಿಲ್ಲ ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ವಕೀಲರ ಹತ್ತಿರ ಒಂದು ಕಾಗದ ಬರೆಸುವುದು, ಕಾಚ್‌ಕಿನ್‌ನನ್ನು ಸ್ವಲ್ಪ ಹೆದರಿಸುವುದು, ಅಷ್ಟೇ. ಆದರೆ ಜೋಲ್ಚು ಯಾವ ಕೆಲಸವನ್ನೂ ಅದರ ಸರಿಯಾದ ಬಾಗಿಲಿನಿಂದ ಪ್ರವೇಶಿಸಿದವನಲ್ಲ. ವಕೀಲರ ಕಚೇರಿ ಇದ್ದದ್ದು ಎರಡನೆಯ ಮಹಡಿಯಲ್ಲಿ. ಮೊದಲ ಮಹಡಿಯಲ್ಲಿದ್ದವರು ಹಲ್ಲಿನ ಡಾಕ್ಟರು. ಜೋಲ್ಚು ಮೊದಲ ಬಾಗಿಲಿಗೇ ನುಗ್ಗಿದ. ಒಳಗಿನಿಂದ ಯಾರೋ ನರಳುವುದು ಕೇಳಿ, ನ್ಯಾಯ ಕೇಳುವವರ ಸಂಕಟ ಇದು ಎಂದುಕೊಂಡ. ತನ್ನ ಸರದಿ ಬಂದಾಗ ಕುರ್ಚಿಯಲ್ಲಿ ಕೂತ. ಕುರ್ಚಿ ಹಿಂದಕ್ಕೆ ವಾಲಿತು. ಇದೂ ಕಾನೂನಿನ ಪದ್ಧತಿಯೇ ಇರಬೇಕೆಂದುಕೊಂಡ.

"ಏನು ತೊಂದರೆ?" ಎಂದರು ಡಾಕ್ಟರು.

"ಇಪ್ಪತ್ತಾರು ವರ್ಷದಿಂದ ಜೊತೇಲಿದ್ದ. ಈಗ ಕಾಟ ಕೊಡ್ತಿದ್ದಾನೆ."

"ಯಾವ ಕಡೆ?"

"ನಮ್ಮನೆಯಿಂದ ಎಡಗಡೆ."

"ತುಂಬಾ ನೋವಾ?"

"ರಾತ್ರಿಯೆಲ್ಲ ನಿದ್ದೆ ಇಲ್ಲ ಸಾರ್. ಅವನನ್ನ ಅಲ್ಲಾಡಿಸಿಬಿಡಬೇಕು."

"ಅಲ್ಲಾಡಿಸೋದೇನು, ತೆಗೆದೇಬಿಡೋಣ. ಬಾಯಿ ತೆಗೀರಿ," ಎಂದರು ಡಾಕ್ಟರು.

ಅರ್ಧ ಗಂಟೆಯ ನಂತರ ಜೋಲ್ಚು, ಎಡದವಡೆಯ ಒಂದು ಹಲ್ಲನ್ನು ಅಲ್ಲೇ ಬಿಟ್ಟು, ಮರಗಟ್ಟಿದ ಕೆನ್ನೆ ಹಿಡಿದುಕೊಂಡು ಮೇಲಿನ ಮಹಡಿಗೆ ಹತ್ತಿದ. ಅಲ್ಲಿದ್ದ ವಕೀಲರು ಚಿನಾರಾ ಎಂಬ ಚುರುಕಾದ ಹೆಣ್ಣುಮಗಳು. ವಯಸ್ಸು ಮೂವತ್ತರ ಆಸುಪಾಸು, ಕಾಲಲ್ಲಿ ಓಟದ ಬೂಟು. ಜೋಲ್ಚು ಮೊದಲೇ ಮಾತಿನಲ್ಲಿ ತಡವರಿಸುವವನು. ಈಗ ನಾಲಿಗೆಯೂ ಕೈಕೊಟ್ಟಿತ್ತು. ಬಾಯಿಂದ ಬಂದದ್ದು "ಗಾಗೂ ಮಗೂ ಗಿಗಗಗೂ" ಎಂಬ ಮೂರು ಪದಗಳು. ಕೊನೆಗೆ ಫೋನಿನಲ್ಲಿ ಬೋರ್ಡಿನ ಫೋಟೋ ತೋರಿಸಿದ. ಆಕೆ ತಾನೇ ಪ್ರಶ್ನೆ ಕೇಳತೊಡಗಿದಳು, ಇವನು ತಲೆಯಾಡಿಸತೊಡಗಿದ.

"ಇತರರು ಅಂದ್ರೆ ನೀವಾ?" ತಲೆಯಾಡಿಸಿದ. "ಪಾಲುದಾರರಾ?" ಆಡಿಸಿದ. "ಇದರಿಂದ ನಿಮ್ಮ ವೃತ್ತಿಗೌರವಕ್ಕೆ ಧಕ್ಕೆಯಾಗಿದೆಯಾ?" ಜೋರಾಗಿ ಆಡಿಸಿದ. "ಒಪ್ಪದಿದ್ರೆ ಕೋರ್ಟಿಗೆ ಹೋಗೋಕೂ ತಯಾರಿದ್ದೀರಾ?" ಬೇಡ, ಸ್ವಲ್ಪ ಹೆದರಿಸಿದರೆ ಸಾಕು ಎನ್ನಬೇಕೆಂದುಕೊಂಡ. "ಬೇಗ" ಎಂದಂತೆ ಕೇಳಿಸಿತು. "ಬೇಗಾನೇ ಕಳಿಸ್ತೀನಿ," ಎಂದಳು ಚಿನಾರಾ.

ಕಾಗದ ಮುಂದಿನ ಬುಧವಾರ ಬಂತು. ಇಲ್ಲಿಂದ ಮುಂದಿನ ಅನಾಹುತದಲ್ಲಿ ನನ್ನ ಪಾಲೂ ಇರುವುದರಿಂದ ನನ್ನನ್ನು ಪರಿಚಯಿಸಿಕೊಳ್ಳುವುದು ಧರ್ಮ. ನಾನು ಈ ಊರಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ರಷ್ಯನ್ ಭಾಷೆ ಕಲಿಸಿ ನಿವೃತ್ತನಾದವನು. ಊರಿಗೆ ರಷ್ಯನ್ನಿನಲ್ಲಿ ಯಾವ ಸರ್ಕಾರಿ ಕಾಗದ ಬಂದರೂ ನನ್ನ ಕೈಯಿಂದಲೇ ಓದಿಸುವುದು ರೂಢಿ. ಓದಬಲ್ಲವರು ಬೇರೆಯವರೂ ಇದ್ದಾರೆ. ಆದರೆ ನನ್ನ ಹಾಗೆ ಗಂಟಲು ಸರಿಪಡಿಸಿಕೊಂಡು ಓದುವವರಿಲ್ಲ.

ಕರೆ ಬಂದಾಗ ನಾನು ಹೋದೆ. ಕಾಚ್‌ಕಿನ್‌ನ ಅಂಗಳದಲ್ಲಿ ಅವನ ತಾಯಿ ಸಾಲ್ಕಿನ್ ಅಜ್ಜಿ ಕೂತಿದ್ದಳು. ಎಂಬತ್ಮೂರು ವರ್ಷ, ಬೆಣ್ಣೆಯಂಥ ಬಿಳಿ ತಲೆವಸ್ತ್ರ. ಪಕ್ಕದಲ್ಲಿ ಸೊಸೆ ಸೆಯ್ಲಿಕನ್, ಬೇಲಿಯ ಮೇಲೆ ಅಂಚೆಯವಳೂ ಸೇರಿದಂತೆ ಏಳೆಂಟು ತಲೆಗಳು. ಕಾಚ್‌ಕಿನ್ ನನ್ನ ಬೆನ್ನ ಹಿಂದೆ ನಿಂತಿದ್ದ. ಅಜ್ಜಿ ಲಕೋಟೆಯನ್ನು ಎರಡೂ ಕೈಯಿಂದ ನನಗೆ ಕೊಟ್ಟಳು.

ದಪ್ಪ ಕಾಗದ, ಪೂರ್ತಿ ರಷ್ಯನ್ನಿನಲ್ಲಿ, ಮೇಲೆ ತಕ್ಕಡಿಯ ಚಿತ್ರ, ಕೆಳಗೆ ನೀಲಿ ಮೊಹರು. ನಾನು ಗಂಟಲು ಸರಿಪಡಿಸಿಕೊಂಡು ಆರಂಭಿಸಿದೆ: "ಗೌರವಾನ್ವಿತ ಕಾಚ್‌ಕಿನ್ ಅಸೆಕೊವಿಚ್ ಅವರಿಗೆ..."

"ಅಯ್ಯೋ ನನ್ನ ದೇವರೇ," ಎಂದಳು ಅಜ್ಜಿ. "ಇನ್ನೊಂದು ಸಲ ಓದು ಮೇಷ್ಟ್ರೇ."

ಓದಿದೆ. ಅಜ್ಜಿಯ ಕಣ್ಣಲ್ಲಿ ನೀರು. "ನೋಡ್ರೇ, ನನ್ನ ಮಗನಿಗೆ ಗೌರವಾನ್ವಿತ ಅಂದಿದ್ದಾರೆ. ಅದೂ ಪಟ್ಟಣದಿಂದ. ಅವರಪ್ಪ ಬದುಕಿರಬೇಕಿತ್ತು."

ಅಷ್ಟರಲ್ಲಿ ನನ್ನ ಕಣ್ಣು ಮುಂದಿನ ಸಾಲುಗಳನ್ನು ಓದಿ ಮುಗಿಸಿತ್ತು. ‘ತಾವು ನನ್ನ ಕಕ್ಷಿದಾರ ಜೋಲ್ಚು ಅವರ ಹೆಸರನ್ನು ಫಲಕದಲ್ಲಿ ಉದ್ದೇಶಪೂರ್ವಕವಾಗಿ ಮರೆಮಾಚಿ ಅವರ ವೃತ್ತಿಗೌರವಕ್ಕೆ ಧಕ್ಕೆ ತಂದಿದ್ದೀರಿ... ಹತ್ತು ದಿನಗಳೊಳಗೆ ಸರಿಪಡಿಸದಿದ್ದಲ್ಲಿ ನ್ಯಾಯಾಲಯದಲ್ಲಿ...’ ನನ್ನ ಹಣೆಯ ಮೇಲೆ ಬೆವರು ಹರಿಯಿತು. ಎದುರಿಗೆ ಅಜ್ಜಿಯ ಒದ್ದೆ ಕಣ್ಣು. ಈ ಅಜ್ಜಿ ಜೋಲ್ಚುವನ್ನೂ ಸಾಕಿದವಳು. ತಾಯಿ ಸತ್ತ ಮೇಲೆ ಅವನು ಆರು ಚಳಿಗಾಲ ಉಂಡದ್ದು ಇದೇ ಅಂಗಳದಲ್ಲಿ. ಈ ಕಾಗದವನ್ನು ಇದ್ದ ಹಾಗೆ ಓದುವ ಎದೆ ಯಾರಿಗಿತ್ತು?

ನಾನು ಸುಳ್ಳು ಹೇಳಲಿಲ್ಲ. ಇದನ್ನು ದಯವಿಟ್ಟು ಗಮನಿಸಬೇಕು. ಇದ್ದ ಪದಗಳನ್ನೇ ತುಸು ಮೃದುವಾಗಿ ಜೋಡಿಸಿದೆ. "ತಮ್ಮ ಫಲಕವು ಕರಾಕೋಲಿನವರೆಗೂ ಗಮನ ಸೆಳೆದಿದೆ. ವೃತ್ತಿಗೌರವದ ವಿಷಯದಲ್ಲಿ ತಮ್ಮ ಹೆಸರು ವಿಶೇಷವಾಗಿ ಪ್ರಸ್ತಾಪವಾಗಿದೆ. ತಮ್ಮ ಉತ್ತರವನ್ನು ಹತ್ತು ದಿನ ಎದುರು ನೋಡುತ್ತೇವೆ. ಗೌರವಪೂರ್ವಕವಾಗಿ, ಚಿನಾರಾ."

ಬೇಲಿಯ ಮೇಲಿನ ತಲೆಗಳು ಚಪ್ಪಾಳೆ ತಟ್ಟಿದವು. ನಾನು ಮೆಲ್ಲಗೆ ಹಿಂತಿರುಗಿ ಕಾಚ್‌ಕಿನ್‌ನ ಮುಖ ನೋಡಿದೆ. ಅವನು ಬೆಟ್ಟದ ಕಡೆ ನೋಡುತ್ತಿದ್ದ.

"ಕುರಿ ಕಡೀಬೇಕು," ಎಂದಳು ಅಜ್ಜಿ. "ಊರೆಲ್ಲ ಬರಲಿ. ಜೋಲ್ಚುಗೆ ನಾನೇ ಹೋಗಿ ಹೇಳ್ತೀನಿ. ಅವನು ಬರದಿದ್ರೆ ಊಟ ಶುರುವಾಗಬಾರದು."

ಅಂದೇ ಸಂಜೆ ಜೋಲ್ಚು ನಮ್ಮ ಮನೆಯ ಹಿಂಬದಿಗೆ ನನ್ನನ್ನು ಎಳೆದೊಯ್ದ. ಹಲ್ಲಿಲ್ಲದ ಜಾಗದಿಂದ ಗಾಳಿ ನುಗ್ಗುತ್ತಿತ್ತು.

"ಮೇಷ್ಟ್ರೇ, ಏನು ಓದಿದ್ರಿ ನೀವು? ಅಜ್ಜಿ ನನ್ನ ತಬ್ಬಿಕೊಂಡು, ನಿನ್ನ ತಮ್ಮನಿಗೆ ಬಿರುದು ಬಂದಿದೆ ಕಣೋ ಅಂದ್ಲು!"

"ಸ್ವಲ್ಪ ಮೆತ್ತಗೆ ಓದಿದೆ ಅಷ್ಟೇ."

"ಮೆತ್ತಗೆ! ನಾನು ಹಲ್ಲು ಕೀಳಿಸಿಕೊಂಡು ಕತ್ತಿ ಮಾಡಿಸಿ ಕಳಿಸಿದ್ರೆ, ನೀವು ಅದನ್ನ ಹೂವಿನ ಹಾರ ಮಾಡಿ ಅವನ ಕೊರಳಿಗೆ ಹಾಕಿದ್ರಾ?"

"ಹಾಗಾದ್ರೆ ಹೋಗಿ ಅಜ್ಜಿಗೆ ನೀನೇ ನಿಜ ಹೇಳಪ್ಪ."

ಜೋಲ್ಚು ಬಾಯಿ ತೆರೆದ. ಗಾಳಿ ಹೋಯಿತು, ಗಾಳಿ ಬಂತು.

ಔತಣದ ದಿನ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರು. ಕಾಚ್‌ಕಿನ್ ಅದನ್ನು ಸೂರಿನ ತೊಲೆಗೆ ತಾಗುವಷ್ಟು ಎತ್ತರದಲ್ಲಿ ಬಡಿದಿದ್ದ. ಓದಬೇಕಾದರೆ ಗುಬ್ಬಚ್ಚಿಯಾಗಿ ಹುಟ್ಟಬೇಕಿತ್ತು. ಜೋಲ್ಚು ಬಾಗಿಲ ಬಳಿ ಕೂರಲು ಹೋದ. ಕಾಚ್‌ಕಿನ್ ಎದ್ದುಬಂದು ಅವನ ತೋಳು ಹಿಡಿದ.

"ಎಲ್ಲಿ ಕೂರ್ತೀಯ? ಮೇಲಿನ ಜಾಗ ನಿನ್ನದು. ನೀನಿಲ್ಲದಿದ್ರೆ ಈ ಕಾಗದ ಎಲ್ಲಿ ಬರ್ತಿತ್ತು?"

ಜೋಲ್ಚುವಿನ ಕಿವಿ ಕೆಂಪಾಯಿತು. ಬೇಯಿಸಿದ ಕುರಿಯ ತಲೆ ಅವನ ಮುಂದೆಯೇ ಬಂತು. ಕಾಚ್‌ಕಿನ್ ತನ್ನ ಕೈಯಾರೆ ಒಂದು ಕಣ್ಣನ್ನು ಬಿಡಿಸಿ ಅವನಿಗೆ ಕೊಟ್ಟ. ಯಾರನ್ನು ಮತ್ತೆ ಮತ್ತೆ ನೋಡಬೇಕೆನಿಸುತ್ತದೋ ಅವರಿಗೆ ಕೊಡುವ ತುತ್ತು ಅದು.

"ತಿನ್ನು ಜೋಲ್ಚು. ಇತ್ತೀಚೆಗೆ ನಿನ್ನ ಮುಖವೇ ಕಾಣ್ತಿಲ್ಲ."

"ಸೊಂಟ ನೋವು."

"ಕೆನ್ನೆ ಊದಿದೆಯಲ್ಲ?"

"ಸೊಂಟದಿಂದ ಮೇಲಕ್ಕೆ ಬಂದಿದೆ."

"ಎರಡು ಮಾತಾಡು ಜೋಲ್ಚು!" ಎಂದು ಯಾರೋ ಕೂಗಿದರು. "ಇತರರ ಪರವಾಗಿ!" ಎಂದು ಇನ್ನೊಬ್ಬ ಸೇರಿಸಿದ. ನಗು ತಗ್ಗುವವರೆಗೆ ಜೋಲ್ಚು ಎದ್ದು ನಿಂತಿದ್ದ, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಕುರಿಯ ಕಣ್ಣು.

"ಈ ಕಾಗದ..." ಎಂದ. ಎಲ್ಲರೂ ತಲೆಯೆತ್ತಿ ತೊಲೆ ನೋಡಿದರು. "ಈ ಕಾಗದದಲ್ಲಿ ಏನು ಬರೆದಿದೆಯೋ ಅದೆಲ್ಲ... ಕಾಚ್‌ಕಿನ್ ಮಾಡಿರೋದೇ. ಒಂದಕ್ಷರ ಸುಳ್ಳಿಲ್ಲ."

ಇಷ್ಟು ಸಂಕ್ಷಿಪ್ತವಾದ, ಇಷ್ಟು ಪ್ರಾಮಾಣಿಕವಾದ ಭಾಷಣವನ್ನು ನಮ್ಮೂರು ಕೇಳಿರಲಿಲ್ಲ. ಕಾಚ್‌ಕಿನ್ ಅವನನ್ನು ಅಪ್ಪಿಕೊಂಡ. ಅಪ್ಪುಗೆ ಸ್ವಲ್ಪ ಬಿಗಿಯಾಗಿತ್ತೆಂದು ಆಮೇಲೆ ಜೋಲ್ಚು ನನಗೆ ಹೇಳಿದ.

ಹತ್ತನೆಯ ದಿನ ಚಿನಾರಾ ಫೋನು ಮಾಡಿದಳು. ಜೋಲ್ಚುವಿಗೆ ಒಬ್ಬನೇ ಮಾತಾಡಲು ಧೈರ್ಯವಿಲ್ಲದೆ ನಮ್ಮ ಮನೆಗೆ ಬಂದು ಫೋನನ್ನು ಇಬ್ಬರಿಗೂ ಕೇಳುವಂತೆ ಇಟ್ಟ.

"ಎದುರು ಪಕ್ಷದಿಂದ ಉತ್ತರ ಬಂತಾ?"

"ಬಂತು. ಕುರಿ ಕಡಿದ."

"ಏನು? ಬೆದರಿಕೆ ಹಾಕಿದ್ನಾ?"

"ಇಲ್ಲಮ್ಮ, ಊಟ ಹಾಕಿದ."

"ನೀವು ಹೋಗಿದ್ರಾ?"

"ಕುರಿ ಕಣ್ಣು ತಿಂದೆ."

"ನೋಡಿ," ಎಂದಳು ಚಿನಾರಾ, "ಕೋರ್ಟಿಗೆ ಹಾಕಿದ್ರೆ ಎಂಟು ತಿಂಗಳು ಹಿಡಿಯುತ್ತೆ. ಅಷ್ಟರವರೆಗೆ ನಿಮ್ಮ ಕೆಲಸ ನಿಲ್ಲಬಹುದಾ?"

ಇದೇ ಆಯಕಟ್ಟಿನ ಜಾಗಕ್ಕೆ ಬಿದ್ದ ಪೆಟ್ಟು. ಏಕೆಂದರೆ ಸರೋವರದ ದಡದಲ್ಲಿ ಪ್ರವಾಸಿ ಶಿಬಿರ ತೆರೆಯಲಿದ್ದ ತಲಾಯ್ ಎಂಬ, ರಾಜಧಾನಿ ಬಿಷ್ಕೆಕ್ಕಿನ ಯುವಕ ಐದು ಯೂರ್ಟ್ ಹೇಳಿದ್ದ. ಜೂನ್ ಹತ್ತಕ್ಕೆ ಅವು ನಿಂತಿರಬೇಕು. ಇಲ್ಲದಿದ್ದರೆ ಕಾರ್ಖಾನೆಯ ಪ್ಲಾಸ್ಟಿಕ್ ಗುಡಾರ ತರಿಸುತ್ತೇನೆ, ಮುಂದಿನ ವರ್ಷವೂ ನಿಮ್ಮ ಹೆಸರೆತ್ತುವುದಿಲ್ಲ ಎಂದಿದ್ದ. ಕಾಚ್‌ಕಿನ್ ಐದು ಚಕ್ರ ಮುಗಿಸಿ ಗೋಡೆಗೆ ಒರಗಿಸಿದ್ದ. ಗಳ ಒಂದೂ ಆಗಿರಲಿಲ್ಲ. ಉಮ್ಸುನ್ ಮೂರು ದಿನದಿಂದ ಗಂಡನ ತಟ್ಟೆಗೆ ಸಾರಿನ ನೀರನ್ನು ಮಾತ್ರ ಹಾಕುತ್ತಿದ್ದಳು. "ಮಾಂಸ ಇತರರಿಗೆ" ಎನ್ನುತ್ತಿದ್ದಳಂತೆ.

"ನಿಲ್ಲೋ ಹಾಗಿಲ್ಲ," ಎಂದ ಜೋಲ್ಚು ತಗ್ಗಿದ ದನಿಯಲ್ಲಿ.

"ಹಾಗಾದ್ರೆ ಇಬ್ಬರನ್ನೂ ಇಲ್ಲಿಗೇ ಕರೀತೀನಿ. ಎದುರುಬದುರು ಕೂತು ಇತ್ಯರ್ಥ ಮಾಡ್ಕೊಳ್ಳೋಣ. ಗುರುವಾರ ಹನ್ನೊಂದಕ್ಕೆ. ಕಾಗದ ಕಳಿಸ್ತೀನಿ."

"ಇನ್ನೊಂದು ಕಾಗದ ಬೇಡಮ್ಮ!" ಎಂದು ನಾವಿಬ್ಬರೂ ಕೂಗುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಕಾಗದ ಬಂತು. ಅದೇ ತಕ್ಕಡಿ, ಅದೇ ಮೊಹರು. ಮತ್ತೆ ನನಗೆ ಕರೆ ಬಂತು. "ಗುರುವಾರ ಕರಾಕೋಲಿಗೆ ಬರಬೇಕಂತೆ," ಎಂದೆ.

"ಬಹುಮಾನ ಕೊಡೋಕೆ ತಾನೆ?" ಎಂದಳು ಅಜ್ಜಿ.

ನಾನು ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕಾಗದ ಮಡಚಿ ಲಕೋಟೆಗೆ ಸೇರಿಸಿದೆ.

ಗುರುವಾರ ಬೆಳಗ್ಗೆ ಕಾಚ್‌ಕಿನ್‌ನ ಮನೆ ಮುಂದೆ ಹದಿನೈದು ಸೀಟಿನ ವ್ಯಾನು ನಿಂತಿತ್ತು. ಅದರೊಳಗೆ ಇಪ್ಪತ್ತೆರಡು ಜನ. ಅಜ್ಜಿ ಮದುವೆಗಳಿಗೆ ಮಾತ್ರ ಹಾಕುವ ಮಖಮಲ್ಲಿನ ಕೋಟು ತೊಟ್ಟಿದ್ದಳು. ಬೇಯಿಸಿದ ಮಾಂಸದ ಬೋಗುಣಿ, ಕುಮಿಸ್ ಎಂಬ ಹುಳಿ ಕುದುರೆಹಾಲು ತುಂಬಿದ ಪೀಪಾಯಿ, ಕರಿದ ರೊಟ್ಟಿಯ ಮೂಟೆ, ಹಿಂದಿನ ಸೀಟಿನಲ್ಲಿ ಒಬ್ಬ ಅಕಾರ್ಡಿಯನ್ ಬಾರಿಸುವವ. ಕಾಚ್‌ಕಿನ್‌ನ ಮುಖ ಗಲ್ಲಿಗೆ ಹೊರಟವನಂತಿತ್ತು. ಜೋಲ್ಚುವಿನದು ಗಲ್ಲಿಗೇರಿಸಲು ಹೊರಟು ಹಗ್ಗ ಮರೆತವನಂತಿತ್ತು. ಇಬ್ಬರ ನಡುವೆ ಅಜ್ಜಿ ಕೂತು ಇಬ್ಬರಿಗೂ ರೊಟ್ಟಿ ತಿನ್ನಿಸುತ್ತಿದ್ದಳು.

ಚಿನಾರಾಳ ಕೋಣೆಯಲ್ಲಿ ಕುರ್ಚಿಗಳಿದ್ದದ್ದು ಮೂರು. ಇಪ್ಪತ್ತೆರಡು ಜನ ಮೆಟ್ಟಿಲು ಹತ್ತಿ ಬಂದದ್ದು ನೋಡಿ ಆಕೆ ಮೇಜಿನ ಹಿಂದಿನಿಂದ ಎದ್ದು ನಿಂತಳು.

"ಇದರಲ್ಲಿ ಎದುರು ಪಕ್ಷ ಯಾರು?"

ನಾನು ಕಣ್ಣು ಮುಚ್ಚಿಕೊಂಡೆ. ಆಗ ಕಾಚ್‌ಕಿನ್ ಮುಂದೆ ಬಂದ. "ಅಮ್ಮ, ಮೊದಲು ಒಳಗೆ ಕಾಗದಪತ್ರದ ಕೆಲಸ ಇರುತ್ತೆ. ನೀವೆಲ್ಲ ಮೆಟ್ಟಿಲ ಹತ್ತಿರ ಕೂತಿರಿ. ಜೋಲ್ಚು, ಮೇಷ್ಟ್ರೇ, ನೀವು ಒಳಗೆ ಬನ್ನಿ." ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದ. ಆಮೇಲೆ ಒಳಜೇಬಿನಿಂದ, ಚೌಕಟ್ಟಿನಿಂದ ಬಿಡಿಸಿ ತಂದಿದ್ದ ಮೊದಲ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟ.

"ವಕೀಲರಮ್ಮ, ಮೂರನೇ ಸಾಲಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ," ಎಂದ.

"ಕಾಚ್‌ಕಿನ್! ನಿನಗೆ ಈ ಸರ್ಕಾರಿ ರಷ್ಯನ್ ಓದೋಕೆ ಬರುತ್ತಾ?" ಎಂದೆ.

"ಸೈನ್ಯದಲ್ಲಿ ಎರಡು ವರ್ಷ ಗುಮಾಸ್ತ ಆಗಿದ್ದೆ ಮೇಷ್ಟ್ರೇ. ಇಂಥ ಕಾಗದ ದಿನಕ್ಕೆ ಮೂವತ್ತು ಟೈಪ್ ಮಾಡ್ತಿದ್ದೆ. ನೀವು ಓದೋವಾಗ ನಿಮ್ಮ ಭುಜದ ಮೇಲಿಂದ ನಾನೂ ಓದಿದೆ. ಕಾಗದದಲ್ಲಿದ್ದದ್ದೇ ಒಂದು, ನಿಮ್ಮ ಬಾಯಲ್ಲಿ ಬಂದದ್ದೇ ಇನ್ನೊಂದು. ಚೆನ್ನಾಗಿತ್ತು."

"ಮತ್ತೆ ಔತಣ ಯಾಕೆ ಮಾಡ್ದೆ?" ಎಂದು ಜೋಲ್ಚು ಕಿರುಚಿದ.

"ಏನ್ ಮಾಡ್ಬೇಕಿತ್ತು? ಅಮ್ಮ ಅಳ್ತಾ ಕೂತಿದ್ಲು. ಇದು ಬಿರುದಿನ ಕಾಗದ ಅಲ್ಲಮ್ಮ, ನೀನೇ ಸಾಕಿದ ಜೋಲ್ಚು ನನ್ನ ಮೇಲೆ ದಾವಾ ಹಾಕ್ತಿದ್ದಾನೆ ಅನ್ನಬೇಕಿತ್ತಾ? ನಾನಂದುಕೊಂಡೆ, ಇವನನ್ನ ಮೇಲಿನ ಜಾಗದಲ್ಲಿ ಕೂರಿಸಿ ಕುರಿತಲೆ ಇಟ್ರೆ ನಾಚಿಕೆಯಾಗಿ ಕಾಗದ ವಾಪಸ್ ತಗೋತಾನೆ ಅಂತ. ನೀನು ಕಣ್ಣು ತಿಂದೆ, ನಾಲಿಗೆ ತಿಂದೆ, ಎರಡು ಸಲ ಪಲಾವ್ ಹಾಕಿಸಿಕೊಂಡೆ. ನಾಚಿಕೆ ಮಾತ್ರ ಬರಲಿಲ್ಲ!"

"ಬಂದಿತ್ತು ಕಣೋ! ಅದನ್ನ ನುಂಗೋಕೇ ಪಲಾವ್ ಹಾಕಿಸಿಕೊಂಡದ್ದು!"

"ಬಾಯಿಬಿಟ್ಟು ಹೇಳಬಹುದಿತ್ತಲ್ಲ?"

"ನೀನು ಬೋರ್ಡು ಬರೆಸೋ ಮುಂಚೆ ಕೇಳಬಹುದಿತ್ತಲ್ಲ? ಇಪ್ಪತ್ತಾರು ವರ್ಷ ಕಾಚ್‌ಕಿನ್! ನಿನ್ನ ಚಕ್ರ ಯಾರ ಗಳದ ಮೇಲೆ ನಿಂತಿದೆ? ಇರುವೆಯಷ್ಟು ಮಾಡಿಬಿಟ್ಟೆಯಲ್ಲೋ ನನ್ನ."

ಕಾಚ್‌ಕಿನ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಅದು ದನ ಕಾಯೋನು," ಎಂದ. ಆಮೇಲೆ, "ನಂಗೆ ಐವತ್ನಾಲ್ಕು ವರ್ಷ. ಸೈನ್ಯಕ್ಕೆ ಕರೆದ ಚೀಟಿ ಬಿಟ್ರೆ ನನ್ನ ಹೆಸರು ಎಲ್ಲೂ ದಪ್ಪಕ್ಷರದಲ್ಲಿ ಬಂದಿಲ್ಲ. ಪೇಂಟರು ಹೆಸರು ಹೇಳಿ ಅಂದ. ಬಾಯಿಗೆ ಬಂದದ್ದು ನನ್ನದೇ. ಇನ್ನೂ ಯಾರಾದ್ರೂ ಇದ್ದಾರಾ ಅಂದ. ಇದ್ದಾರೆ ಅಂದೆ. ಅವನು ಇತರರು ಅಂತ ಬರೆದ. ಮಾರನೇ ದಿನ ನೋಡಿದಾಗ ನಂಗೂ ಸಂಕಟ ಆಯ್ತು. ಆದ್ರೆ ಅಷ್ಟರಲ್ಲಿ ನೀನು ಸೊಂಟ ಹಿಡ್ಕೊಂಡು ಕೂತುಬಿಟ್ಟಿದ್ದೆ. ನಾನಾಗಿ ಬರೋಕೆ ಹಟ."

ಜೋಲ್ಚು ಕೆನ್ನೆ ಸವರಿಕೊಂಡ. ಚಿನಾರಾ ಆಗಲೇ ಪೆನ್ನು ತೆಗೆದಿದ್ದಳು.

"ಇಬ್ಬರ ಹೆಸರೂ ಇರೋ ಬೋರ್ಡು. ಒಂದೇ ಅಳತೆಯ ಅಕ್ಷರ. ಒಪ್ಪಿಗೆನಾ?"

"ಒಪ್ಪಿಗೆ," ಎಂದರು ಇಬ್ಬರೂ.

"ಯಾರ ಹೆಸರು ಮೊದಲು?"

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ; ಇಬ್ಬರೂ ನನ್ನನ್ನು ನೋಡಿದರು.

"ಕಾನೂನಿನ ಕಾಗದದಲ್ಲಿ ಅಕ್ಷರಮಾಲೆಯ ಕ್ರಮ," ಎಂದಳು ಚಿನಾರಾ. "ನಮ್ಮ ಕಿರ್ಗಿಜ್ ಅಕ್ಷರಮಾಲೆಯಲ್ಲಿ ‘ಜ’ ಮೊದಲು ಬರುತ್ತೆ, ‘ಕ’ ಆಮೇಲೆ. ಜೋಲ್ಚು ಮತ್ತು ಕಾಚ್‌ಕಿನ್."

"ಮೇಷ್ಟ್ರೇ!" ಎಂದ ಕಾಚ್‌ಕಿನ್ ದಿಗ್ಭ್ರಮೆಯಿಂದ. "ಮೂವತ್ತೆಂಟು ವರ್ಷ ನೀವು ಕಲಿಸಿದ್ದು ಇದನ್ನೇನಾ?"

ಆ ಕ್ರಮವನ್ನು ಮಾಡಿದವನು ನಾನಲ್ಲವೆಂದು ಒಪ್ಪಿಸಲು ಕಾಲು ಗಂಟೆ ಹಿಡಿಯಿತು. ಕೊನೆಗೆ ಕಾಚ್‌ಕಿನ್, ಹೆಸರು ಎರಡನೆಯದಾದರೆ ಚಿತ್ರದಲ್ಲಿ ತನ್ನ ಟೋಪಿ ಉಳಿಯಬೇಕೆಂದ. ತನಗೂ ಟೋಪಿ ಬೇಕೆಂದ ಜೋಲ್ಚು. ಎರಡು ಟೋಪಿ ಎಂದು ಬರೆಯಲಾಯಿತು. ಮೂರನೆಯ ಕಲಮಿನಲ್ಲಿ, ಜೋಲ್ಚು ಜೂನ್ ಒಂದರೊಳಗೆ ಎಲ್ಲ ಗಳ ಮುಗಿಸತಕ್ಕದ್ದು, ಇಬ್ಬರೂ ಸೇರಿ ಹತ್ತರೊಳಗೆ ಐದು ಯೂರ್ಟ್ ನಿಲ್ಲಿಸತಕ್ಕದ್ದು ಎಂದು ಬಂತು. ಸಹಿ ಬಿತ್ತು. ನೀಲಿ ಮೊಹರು ಬಿತ್ತು.

ಆಗ ಬಾಗಿಲಾಚೆ ಅಕಾರ್ಡಿಯನ್ ಶುರುವಾಯಿತು. ನಮಗೆ ಜ್ಞಾಪಕ ಬಂತು.

"ವಕೀಲರಮ್ಮ," ಎಂದ ಕಾಚ್‌ಕಿನ್, "ಹೊರಗೆ ನಮ್ಮಮ್ಮ ಬಹುಮಾನಕ್ಕೆ ಕಾಯ್ತಿದ್ದಾಳೆ."

"ನಾನು ವಕೀಲೆ ಕಣ್ರೀ. ಬಹುಮಾನ ಕೊಡೋಕೆ ಬರಲ್ಲ."

"ಎಂಬತ್ಮೂರು ವರ್ಷ ಕಣಮ್ಮ," ಎಂದ ಜೋಲ್ಚು. "ಮಖಮಲ್ ಕೋಟು ಹಾಕ್ಕೊಂಡು ಬಂದಿದ್ದಾಳೆ."

ಚಿನಾರಾ ಮೂವರನ್ನೂ ನೋಡಿದಳು. ಆಮೇಲೆ ಕಪಾಟಿನಿಂದ ಕೆಂಪು ಫೈಲೊಂದನ್ನು ತೆಗೆದು, ಒಪ್ಪಂದವನ್ನು ಅದರೊಳಗಿಟ್ಟು, ಓಟದ ಬೂಟು ಬಿಚ್ಚಿ ಎತ್ತರ ಹಿಮ್ಮಡಿಯ ಚಪ್ಪಲಿ ಮೆಟ್ಟಿ ಹೊರಬಂದಳು. ಮೆಟ್ಟಿಲ ಮೇಲೆ ನಮ್ಮೂರು, ಮೆಟ್ಟಿಲ ಕೆಳಗೆ ಕೆನ್ನೆಗೆ ಕರ್ಚೀಫು ಕಟ್ಟಿಕೊಂಡ ಹಲ್ಲುನೋವಿನವರು. ಆಕೆ ಒಂದಕ್ಷರವನ್ನೂ ಮೃದುಮಾಡದೆ ಒಪ್ಪಂದವನ್ನು ಇದ್ದದ್ದು ಇದ್ದಹಾಗೆ, ಕಿರ್ಗಿಜ್ ಭಾಷೆಯಲ್ಲಿ, ಎಷ್ಟು ಗಂಭೀರವಾಗಿ ಓದಿದಳೆಂದರೆ, ‘ಒಂದನೆಯ ಪಕ್ಷಕಾರ’ ಎಂಬುದೇ ದೊಡ್ಡ ಬಿರುದಿನಂತೆ ಕೇಳಿಸಿತು. ಎರಡು ಟೋಪಿಯ ಕಲಮಿಗೆ ಚಪ್ಪಾಳೆ ಬಿತ್ತು. ಹಲ್ಲುನೋವಿನವರೂ ತಟ್ಟಿದರು.

ಓದಿ ಮುಗಿದಾಗ ಅಜ್ಜಿ ಕೋಲೂರಿ ಎದ್ದಳು.

"ದೇವರು ಒಳ್ಳೇದು ಮಾಡ್ಲಿ ಮಗಳೇ. ಮೂರನೇದು ಮಾತ್ರ ಇನ್ನೊಂದು ಸಲ ಓದು, ಗಳದ್ದು. ನಮ್ಮ ಹುಡುಗರಿಬ್ಬರಿಗೂ ಕಿವಿ ಸ್ವಲ್ಪ ಮಂದ."

ಮೂರನೆಯದನ್ನು ಚಿನಾರಾ ಇನ್ನೊಮ್ಮೆ ಓದಿದಳು. ಆಮೇಲೆ ಬೋಗುಣಿ ತೆರೆದರು.

ಜೂನ್ ಒಂದಕ್ಕೆ ಉಳಿದಿದ್ದ ಹದಿನೈದು ದಿನಗಳಲ್ಲಿ ಜೋಲ್ಚು ಮಾಡಿದ ಕೆಲಸವನ್ನು ನೋಡಿದವರು ಅವನಿಗೆ ಸೊಂಟವೆಂಬ ಅಂಗ ಇದೆಯೆಂದೇ ನಂಬುತ್ತಿರಲಿಲ್ಲ. ಕಾಚ್‌ಕಿನ್ ತಾನೇ ಬಂದು ಗಳ ಬಾಗಿಸಲು ಕೈಕೊಟ್ಟ. ಬೆಳಗ್ಗೆಯಿಂದ ಸಂಜೆಯವರೆಗೆ ಇಬ್ಬರೂ ಬೈದಾಡುತ್ತಿದ್ದರು: ಬಾಗು ಹೆಚ್ಚಾಯಿತು, ಕಡಿಮೆಯಾಯಿತು, ನಿನಗೆ ಯಾರು ಕಲಿಸಿದ್ದು. ಅಂಗಳದಲ್ಲಿ ಹೆಂಡತಿಯರು ಆ ಗದ್ದಲದ ತಾಳಕ್ಕೆ ಸರಿಯಾಗಿ ಉಣ್ಣೆ ಬಡಿಯುತ್ತಿದ್ದರು.

ಜೂನ್ ಹತ್ತರ ಬೆಳಗ್ಗೆ ಸರೋವರದ ದಡದಲ್ಲಿ ನಾಲ್ಕು ಯೂರ್ಟ್ ನಿಂತಿದ್ದವು, ಐದನೆಯದು ಏಳುತ್ತಿತ್ತು. ತಲಾಯ್ ಕೈಗಡಿಯಾರ ನೋಡುವುದನ್ನು ಬಿಟ್ಟು ಫೋಟೋ ತೆಗೆಯತೊಡಗಿದ್ದ. ಕಾಚ್‌ಕಿನ್ ಉದ್ದ ಕೋಲಿನ ತುದಿಯಲ್ಲಿ ಚಕ್ರವನ್ನು ಎತ್ತಿ ಹಿಡಿದಿದ್ದ. ಜೋಲ್ಚು ಸುತ್ತ ಓಡಾಡಿ ಒಂದೊಂದೇ ಗಳವನ್ನು ಅದರ ತೂತಿಗೆ ಸೇರಿಸುತ್ತಿದ್ದ. "ಎಡಕ್ಕೆ ಹಿಡಿಯೋ!" "ಹಿಡಿದಿದ್ದೀನಿ, ನಿನ್ನ ಗಳವೇ ಸೊಟ್ಟ!" "ನಿನ್ನ ಕುತ್ತಿಗೆ ಸೊಟ್ಟ!"

ನಾನು ಅಜ್ಜಿಯ ಪಕ್ಕದಲ್ಲಿ ಕಂಬಳಿಯ ಮೇಲೆ ಕೂತಿದ್ದೆ. ಕರಾಕೋಲಿನಿಂದ ಬಂದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು.

"ಅಜ್ಜಿ," ಎಂದೆ, "ನಿಮಗೆ ಮೊದಲೇ ಗೊತ್ತಿತ್ತಾ?"

ಅಜ್ಜಿ ಚಹಾದ ಬಟ್ಟಲನ್ನು ಕೆಳಗಿಡಲಿಲ್ಲ. "ನೀನು ಆ ಕಾಗದ ಓದೋವಾಗ ನಿನ್ನ ಹಣೆ ಮೇಲೆ ಬೆವರು ಹರೀತಿತ್ತು ಮೇಷ್ಟ್ರೇ. ಬೆಟ್ಟದ ಮೇಲೆ ಇನ್ನೂ ಹಿಮ ಇತ್ತು. ಬಿರುದಿನ ಕಾಗದ ಓದೋವನಿಗೆ ಬೆವರು ಯಾಕೆ ಬರುತ್ತೆ?"

"ಮತ್ತೆ ಗೊತ್ತಿದ್ದೂ ಕುರಿ ಕಡಿಸಿದ್ರಲ್ಲ?"

"ಕಡಿಸದಿದ್ರೆ ಜೋಲ್ಚು ನಮ್ಮನೆಗೆ ಊಟಕ್ಕೆ ಬರ್ತಿದ್ನಾ?" ಎಂದಳು ಅಜ್ಜಿ.